ಕಡತ ಬಾಕಿ ಇದ್ದವರ ಮತ

1977ರ ಮಾರ್ಚ್ ಚುನಾವಣೆ ಅಂದರೆ ನಮಗೆಲ್ಲ ಕಲಿಸಿದ್ದು ಒಂದೇ ಕತೆ. ತುರ್ತು ಪರಿಸ್ಥಿತಿ ಹೇರಿದ್ದಕ್ಕೆ ಜನ ಇಂದಿರಾ ಗಾಂಧಿಯವರನ್ನು ಮನೆಗೆ ಕಳಿಸಿದರು ಎಂಬ ಕತೆ. ಉತ್ತರ ಪ್ರದೇಶದ 85 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ಸಿಗಲಿಲ್ಲ, ಬಿಹಾರದ 54ರಲ್ಲೂ ಸೊನ್ನೆ. ರಾಯ್‌ಬರೇಲಿಯಲ್ಲಿ ಪ್ರಧಾನಿಯೇ ಸೋತರು. ಇದೆಲ್ಲ ನಿಜ. ಆದರೆ ಇದು ನಮ್ಮ ಕಡೆಯ ಕತೆಯಲ್ಲ. ಕರ್ನಾಟಕದ 28 ಸ್ಥಾನಗಳಲ್ಲಿ ಕಾಂಗ್ರೆಸ್ 26 ಗೆದ್ದಿತು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆ ಆಗ ಸೇರಿದ್ದು ಧಾರವಾಡ ದಕ್ಷಿಣ ಕ್ಷೇತ್ರಕ್ಕೆ. ಅಲ್ಲಿ ಗೆದ್ದವರು ಎಫ್.ಎಚ್. ಮೊಹ್ಸಿನ್. 1962ರಿಂದ ಗೆಲ್ಲುತ್ತಲೇ ಬಂದಿದ್ದವರು, ಅವತ್ತೂ ಗೆದ್ದರು.

ಇದರಲ್ಲೇನು ವಿಶೇಷ ಅನ್ನಬಹುದು. ವಿಶೇಷ ಇದೆ. ಮೊಹ್ಸಿನ್ ಬರೀ ಸಂಸದರಾಗಿರಲಿಲ್ಲ, ತುರ್ತು ಪರಿಸ್ಥಿತಿಯ ದಿನಗಳಲ್ಲಿ ಕೇಂದ್ರ ಗೃಹ ಖಾತೆಯ ಉಪಮಂತ್ರಿಯಾಗಿದ್ದರು. ವಿಚಾರಣೆ ಇಲ್ಲದೆ ಜನರನ್ನು ಜೈಲಿಗೆ ಹಾಕುವ 'ಮೀಸಾ' ಕಾಯ್ದೆ ಯಾವ ಖಾತೆಯ ಕೈಯಲ್ಲಿತ್ತೋ ಅದೇ ಖಾತೆ. ಮೀಸಾ ಅಡಿಯಲ್ಲಿ ಬಂಧಿತರಾದವರು ದೇಶದಲ್ಲಿ ಸುಮಾರು 35 ಸಾವಿರ ಎಂದು ಆಮೇಲೆ ಷಾ ಆಯೋಗ ಲೆಕ್ಕ ಕೊಟ್ಟಿತು. ಅಂದರೆ ಅಧಿಕಾರದ ದುರುಪಯೋಗಕ್ಕೆ ಉತ್ತರ ಕೊಡಬೇಕಾದ ಕುರ್ಚಿಯ ಪಕ್ಕದ ಕುರ್ಚಿಯಲ್ಲಿ ಕೂತವರು ನಮ್ಮ ಕ್ಷೇತ್ರದವರು. ಅವರ ಮೇಲೆ ಸಿಟ್ಟು ತೀರಿಸಿಕೊಳ್ಳಲು ದೇಶದಲ್ಲಿ ಬೇರಾರಿಗೂ ಇಲ್ಲದ ಅವಕಾಶ ನಮ್ಮ ಹಿರಿಯರಿಗಿತ್ತು. ಅವರು ತೀರಿಸಿಕೊಳ್ಳಲಿಲ್ಲ. 1980ರಲ್ಲೂ ಅವರನ್ನೇ ಆರಿಸಿದರು.

ಇದನ್ನು ಪೇಟೆಯ ಪಂಡಿತರು ವಿವರಿಸುವ ರೀತಿ ಗೊತ್ತೇ ಇದೆ: ಹಳ್ಳಿಯವರಿಗೆ ಸ್ವಾತಂತ್ರ್ಯದ ಬೆಲೆ ತಿಳಿಯದು, ಹೊಟ್ಟೆ ತುಂಬಿದರೆ ಸಾಕು. ಈ ಮಾತು ನನಗೆ ಎಂದೂ ಒಪ್ಪಿಗೆಯಾಗಿಲ್ಲ. ವ್ಯಕ್ತಿಯ ಮೈ, ಮಾತು, ಆಸ್ತಿ ಈ ಮೂರರ ಮೇಲೆ ಸರ್ಕಾರ ಸುಮ್ಮಸುಮ್ಮನೆ ಕೈ ಹಾಕಬಾರದು ಎಂದು ನಂಬುವವರನ್ನು ಲಿಬರ್ಟೇರಿಯನ್ ಅನ್ನುತ್ತಾರೆ. ಆ ವಾದದ ಕಡೆಗೆ ನನಗೆ ಒಲವಿದೆ. ಒಲವಿರುವುದರಿಂದಲೇ ನಮ್ಮ ನಾಲ್ಕು ತಾಲ್ಲೂಕುಗಳ ಇತಿಹಾಸ ನನ್ನನ್ನು ಕಾಡುತ್ತದೆ. ಆ ವಾದ ಪುಸ್ತಕದಲ್ಲಿ ಎಷ್ಟು ಸಲೀಸೋ ವರದಾ ನದಿಯ ದಂಡೆಯ ಹೊಲದಲ್ಲಿ ಅಷ್ಟು ಸಲೀಸಲ್ಲ.

ನಮ್ಮ ರಾಜ್ಯದಲ್ಲಿ ಈ ವಾದಕ್ಕೆ ನೆಲೆಯೇ ಇರಲಿಲ್ಲ ಎಂದಲ್ಲ. ರಾಜಾಜಿ 1959ರಲ್ಲಿ ಕಟ್ಟಿದ ಸ್ವತಂತ್ರ ಪಕ್ಷ 1967ರಲ್ಲಿ ಮೈಸೂರು ರಾಜ್ಯದಿಂದ 5 ಲೋಕಸಭಾ ಸ್ಥಾನ, 16 ವಿಧಾನಸಭಾ ಸ್ಥಾನ ಗೆದ್ದಿತ್ತು. ಲೈಸೆನ್ಸು, ಪರ್ಮಿಟ್ಟು, ಕೋಟಾ ಎಲ್ಲದರ ವಿರುದ್ಧ ಮಾತಾಡಿದ ಪಕ್ಷ ಅದು. ಅದೇ ವರ್ಷ ಶಿಗ್ಗಾವಿಯಿಂದ ಗೆದ್ದವರು ಎಸ್. ನಿಜಲಿಂಗಪ್ಪ, ಮುಖ್ಯಮಂತ್ರಿಯಾಗಿ ಮುಂದುವರಿದರು. ಎರಡು ವರ್ಷದಲ್ಲಿ ಕಾಂಗ್ರೆಸ್ ಒಡೆದಾಗ ಇಂದಿರಾ ವಿರೋಧಿ ಬಣದ ಯಜಮಾನಿಕೆ ಅವರದೇ. ಆದ್ದರಿಂದ 1977ರಲ್ಲಿ ನಮ್ಮ ಕಡೆ ಇಂದಿರಾ ವಿರೋಧ ಎಂಬುದು ಅಪರಿಚಿತ ಸರಕೇನೂ ಆಗಿರಲಿಲ್ಲ. ಹತ್ತು ವರ್ಷದ ಹಿಂದೆ ಇದೇ ಜನ ಗೆಲ್ಲಿಸಿದ ಮನುಷ್ಯನೇ ಅದರ ಮುಂದಾಳಾಗಿದ್ದರು. ಆದರೂ ಜನ ಆ ಕಡೆ ಹೋಗಲಿಲ್ಲ.

ಯಾಕೆ ಹೋಗಲಿಲ್ಲ ಎಂಬುದಕ್ಕೆ ಉತ್ತರ ಹುಡುಕಬೇಕಾದ್ದು ತಹಶೀಲ್ದಾರ ಕಚೇರಿಯ ಗಂಟುಗಳಲ್ಲಿ. ದೇವರಾಜ ಅರಸರ ಸರ್ಕಾರ ತಂದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಅವತ್ತಿಗೆ ಲಾವಣಿಯಲ್ಲಿದ್ದ ಹೊಲವೆಲ್ಲ ಸರ್ಕಾರಕ್ಕೆ ಸೇರಿತು, ಉಳುವವನು ಫಾರ್ಮ್ ನಂಬರ್ 7 ತುಂಬಿ ಕೊಟ್ಟು ತಾನೇ ಒಡೆಯನೆಂದು ಸಾಧಿಸಬೇಕಾಯಿತು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಒಡೆಯನ ಹೆಸರಿನ ಉತಾರದಲ್ಲಿ ಸಾಗುವಳಿದಾರನ ಹೆಸರು ಕೂಡಿಸುವ ಕೆಲಸ. ತೀರ್ಮಾನ ಕೊಡುವುದು ತಾಲ್ಲೂಕಿನ ಭೂನ್ಯಾಯಮಂಡಳಿ. ಅದರ ಅಧ್ಯಕ್ಷ ಉಪವಿಭಾಗಾಧಿಕಾರಿ, ಉಳಿದ ಸದಸ್ಯರು ಸರ್ಕಾರ ನೇಮಿಸಿದವರು. ಸಿವಿಲ್ ಕೋರ್ಟಿಗೆ ಅಧಿಕಾರವಿಲ್ಲ. ವಕೀಲರಿಗೆ ಒಳಗೆ ಪ್ರವೇಶವಿಲ್ಲ. ಆ ನಿಷೇಧವನ್ನು ಸುಪ್ರೀಂ ಕೋರ್ಟ್ ತೆಗೆದದ್ದು 1987ರಲ್ಲಿ.

ಆಸ್ತಿ ಹಕ್ಕಿನ ಕಣ್ಣಿಂದ ನೋಡಿದರೆ ಇದು ದಬ್ಬಾಳಿಕೆಯೇ. ಲಾವಣಿಗೆ ಕೊಟ್ಟವರೆಲ್ಲ ದೇಸಾಯಿ, ಇನಾಂದಾರರಾಗಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಉಳುವವರಿಲ್ಲದೆ ನಾಲ್ಕು ಎಕರೆ ಲಾವಣಿಗೆ ಹಾಕಿದ ಹೆಂಗಸರೂ ಇದ್ದರು. ಸೈನಿಕರಿಗೆ, ನಾವಿಕರಿಗೆ ಇದ್ದ ವಿನಾಯಿತಿ ವಿಧವೆಯರಿಗಾಗಲಿ ಅಪ್ರಾಪ್ತ ಮಕ್ಕಳಿಗಾಗಲಿ ಇರಲಿಲ್ಲ. ಅವರ ದುಃಖವನ್ನು ಅರಸರ ಅಭಿಮಾನಿಗಳು ಇವತ್ತಿಗೂ ಬರೆಯುವುದಿಲ್ಲ.

ಆದರೆ ಎದುರು ಕಡೆ ನಿಂತು ನೋಡಿ. ತಲೆಮಾರಿನಿಂದ ಉತ್ತ ಹೊಲವನ್ನು ಒಡೆಯ ಮನಸ್ಸು ಬಂದಾಗ ಬಿಡಿಸಬಹುದಾಗಿದ್ದ ಕಾಲ. ಗೌಡರ ಮನೆ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದ ಕಾಲ. ಅಂಥ ರೈತನಿಗೆ ದಿಲ್ಲಿಯ ಪೊಲೀಸರಿಗಿಂತ ಊರಿನ ವಾಡೆಯ ಹೆದರಿಕೆ ದೊಡ್ಡದು. ಮಾತಾಡುವ ಸ್ವಾತಂತ್ರ್ಯ ಅವನಿಗೆ ತುರ್ತು ಪರಿಸ್ಥಿತಿಯಲ್ಲಿ ಹೋದದ್ದಲ್ಲ, ಅದಕ್ಕೂ ಮೊದಲು ಇರಲೇ ಇಲ್ಲ. 1975ರ ಜುಲೈ 1ರಂದು ಪ್ರಧಾನಿ ಘೋಷಿಸಿದ 20 ಅಂಶಗಳ ಕಾರ್ಯಕ್ರಮದಲ್ಲಿ ಭೂಸುಧಾರಣೆ ಇತ್ತು, ಜೀತ ರದ್ದತಿ ಇತ್ತು, ಸಾಲ ಮನ್ನಾ ಇತ್ತು. ಜೀತ ರದ್ದತಿ ಸುಗ್ರೀವಾಜ್ಞೆ ಬಂದದ್ದು ಅದೇ ವರ್ಷ ಅಕ್ಟೋಬರಿನಲ್ಲಿ, ಕಾಯ್ದೆಯಾದದ್ದು 1976ರಲ್ಲಿ. ಕರ್ನಾಟಕದ ಋಣ ಪರಿಹಾರ ಕಾಯ್ದೆಯೂ 1976ರದ್ದೇ. ವ್ಯಕ್ತಿಸ್ವಾತಂತ್ರ್ಯದ ಕಾಯ್ದೆ ಎಂದು ಯಾವುದನ್ನಾದರೂ ಕರೆಯುವುದಾದರೆ ಜೀತ ರದ್ದತಿಗಿಂತ ದೊಡ್ಡದಿಲ್ಲ. ಮನುಷ್ಯನ ಮೈಯನ್ನು ಅವನಿಗೇ ವಾಪಸು ಕೊಡುವ ಕಾಯ್ದೆ ಅದು. ಅದೇ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್, ಬಂಧನ ಸರಿಯೋ ತಪ್ಪೋ ಎಂದು ಕೇಳುವ ಹಕ್ಕೂ ಬಂಧಿತರಿಗಿಲ್ಲ ಎಂದು 4–1ರಿಂದ ತೀರ್ಪು ಕೊಟ್ಟಿತು. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಬೆಂಗಳೂರಿನಲ್ಲಿ ಸೆರೆಯಾಗಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇವರ ಅರ್ಜಿಗಳು ನಮ್ಮ ಹೈಕೋರ್ಟಿನಿಂದಲೇ ಆ ಪ್ರಕರಣದ ಜೊತೆ ಸೇರಿಕೊಂಡಿದ್ದವು. ಕಲಾವಿದೆ ಸ್ನೇಹಲತಾ ರೆಡ್ಡಿ ಬೆಂಗಳೂರು ಜೈಲಿನಲ್ಲಿ ಆಸ್ತಮಾದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಕ್ಕೆ, 1977ರ ಜನವರಿ 20ರಂದು ತೀರಿಕೊಂಡರು.

ಒಂದೇ ಸರ್ಕಾರ, ಒಂದೇ ವರ್ಷ. ಒಬ್ಬರ ಬೇಡಿ ಬಿಚ್ಚಿತು, ಇನ್ನೊಬ್ಬರಿಗೆ ತೊಡಿಸಿತು. ಬಿಚ್ಚಿದ್ದು ನಮ್ಮ ಊರಿನಲ್ಲಿ ಕಂಡಿತು, ತೊಡಿಸಿದ್ದು ಪತ್ರಿಕೆಯಲ್ಲೂ ಬರಲಿಲ್ಲ, ಸೆನ್ಸಾರ್ ಇತ್ತಲ್ಲ. ಉತ್ತರದವರ ಮನೆಬಾಗಿಲಿಗೆ ನಸಬಂದಿ ಬಂತು. 1976–77ರಲ್ಲಿ ದೇಶದಲ್ಲಿ 81 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು, ಅದರ ಬಿಸಿ ಹೆಚ್ಚು ತಟ್ಟಿದ್ದು ಉತ್ತರಕ್ಕೇ. ಸರ್ಕಾರ ಮೈಗೆ ಕೈ ಹಾಕಿದ ಕಡೆ ಜನ ಸರ್ಕಾರವನ್ನು ಕಿತ್ತು ಹಾಕಿದರು. ಹೊಲ ಕೊಟ್ಟ ಕಡೆ ಉಳಿಸಿಕೊಂಡರು. ಇದರಲ್ಲಿ ಅಜ್ಞಾನ ಎಲ್ಲಿದೆ?

ಇಷ್ಟಕ್ಕೇ ನಿಲ್ಲಿಸಿದರೆ ಅರಸರ ಗುಣಗಾನವಾಗಿಬಿಡುತ್ತದೆ. ಇನ್ನೊಂದು ಸಂಗತಿ ಇದೆ, ಅದು ಅಷ್ಟು ಹಿತವಾದದ್ದಲ್ಲ. ಫಾರ್ಮ್ 7 ಸಲ್ಲಿಸುವ ಗಡುವು ಮುಂದೆ ಹೋಗುತ್ತಾ ಹೋಗಿ ಕೊನೆಗೆ ನಿಂತದ್ದು 1979ರ ಜೂನ್ 30ಕ್ಕೆ. ಅಂದರೆ 1977ರ ಮಾರ್ಚಿನಲ್ಲಿ ಮತ ಹಾಕಲು ನಿಂತ ಎಷ್ಟೋ ಸಾಗುವಳಿದಾರರ ಅರ್ಜಿ ಇನ್ನೂ ಇತ್ಯರ್ಥವಾಗಿರಲಿಲ್ಲ. ಕಡತ ಬಾಕಿ ಇತ್ತು. ಅದನ್ನು ತೀರ್ಮಾನಿಸುವ ಮಂಡಳಿಯಲ್ಲಿ ಕೂತವರು ಆಳುವ ಪಕ್ಷದ ಸರ್ಕಾರ ನೇಮಿಸಿದವರು. ಸರ್ಕಾರ ಬದಲಾದರೆ ಮಂಡಳಿ ಏನಾಗುತ್ತದೋ, ಕಾಯ್ದೆ ಏನಾಗುತ್ತದೋ ಯಾರಿಗೆ ಗೊತ್ತು. ಅಂಥ ಹೊತ್ತಲ್ಲಿ ಹಾಕಿದ ಮತದಲ್ಲಿ ಕೃತಜ್ಞತೆ ಎಷ್ಟು, ದಿಗಿಲು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಹಕ್ಕು ಎಂದು ಕೊಟ್ಟದ್ದು ನಡುದಾರಿಯಲ್ಲಿ ಉಪಕಾರವಾಗಿ ಮಾರ್ಪಟ್ಟಿತು. ಹೊಲ ಸಿಕ್ಕ ಮೇಲೂ 15 ವರ್ಷ ಅದನ್ನು ಮಾರುವಂತಿರಲಿಲ್ಲ. ಒಡೆಯನಾದ, ಆದರೆ ಸರ್ಕಾರ ಅನುಮತಿಸಿದಷ್ಟೇ ಒಡೆಯ.

1978ರ ವಿಧಾನಸಭಾ ಚುನಾವಣೆಯಲ್ಲಿ ಅರಸು 224ರಲ್ಲಿ 149 ಗೆದ್ದರು. ಅತ್ತ ದಿಲ್ಲಿಯಲ್ಲಿ ಸ್ವಾತಂತ್ರ್ಯದ ಹೆಸರಿನಲ್ಲೇ ಗೆದ್ದು ಬಂದ ಜನತಾ ಸರ್ಕಾರ 44ನೇ ತಿದ್ದುಪಡಿ ತಂದು ಜೀವದ ಹಕ್ಕನ್ನು ಇನ್ನು ಮುಂದೆ ಯಾವ ತುರ್ತು ಪರಿಸ್ಥಿತಿಯೂ ಅಮಾನತಿನಲ್ಲಿಡದಂತೆ ಮಾಡಿತು. ಒಳ್ಳೆಯ ಕೆಲಸ. ಅದೇ ತಿದ್ದುಪಡಿಯಲ್ಲಿ ಆಸ್ತಿ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದೂ ಹಾಕಿತು. ಲಿಬರ್ಟೇರಿಯನ್ ಗೆಳೆಯರು ಇದನ್ನು ನೆನೆದಾಗಲೆಲ್ಲ ನಿಟ್ಟುಸಿರು ಬಿಡುತ್ತಾರೆ. ಹೊಸದಾಗಿ ಹೊಲದ ಒಡೆಯನಾದ ಹಾನಗಲ್ಲಿನ ಭತ್ತದ ರೈತನ ಆಸ್ತಿಯೂ ಅವತ್ತೇ ಮೂಲಭೂತ ಹಕ್ಕಿನ ರಕ್ಷಣೆ ಕಳೆದುಕೊಂಡಿತು ಎಂಬುದನ್ನು ಮಾತ್ರ ಅವರೂ ಗಮನಿಸುವುದಿಲ್ಲ, ಸಮಾಜವಾದಿಗಳೂ ಗಮನಿಸುವುದಿಲ್ಲ.

ಇನ್ನು ಎಂಬತ್ತರ ದಶಕಕ್ಕೆ ಬರೋಣ. ದೇಶದ ಸಂವಿಧಾನ ಓದುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಗೊತ್ತಿರುವ ಒಂದು ಹೆಸರು ನಮ್ಮ ಸೀಮೆಯ ಕಾರಡಗಿಯಲ್ಲಿ 1924ರಲ್ಲಿ ಹುಟ್ಟಿತು: ಎಸ್.ಆರ್. ಬೊಮ್ಮಾಯಿ. ಅವರು ಮುಖ್ಯಮಂತ್ರಿಯಾದದ್ದೇ ವ್ಯಕ್ತಿಸ್ವಾತಂತ್ರ್ಯದ ಪ್ರಶ್ನೆಯೊಂದರಿಂದ. 1988ರ ಆಗಸ್ಟಿನಲ್ಲಿ ರಾಮಕೃಷ್ಣ ಹೆಗಡೆ ಫೋನ್ ಕದ್ದಾಲಿಕೆ ವಿವಾದದಲ್ಲಿ ರಾಜೀನಾಮೆ ಕೊಟ್ಟರು. ಇನ್ನೊಬ್ಬರ ಮಾತು ಕದ್ದು ಕೇಳಿದ್ದಕ್ಕೆ ಮುಖ್ಯಮಂತ್ರಿಯೊಬ್ಬರು ಕುರ್ಚಿ ಬಿಟ್ಟಿದ್ದರು ಎಂದು ಇವತ್ತಿನ ಹುಡುಗರಿಗೆ ಹೇಳಿದರೆ ನಗುತ್ತಾರೆ.

ಎಂಟು ತಿಂಗಳು ಕಳೆಯುವುದರೊಳಗೆ ಪಕ್ಷಾಂತರದ ಗಾಳಿ ಬೀಸಿತು. 1989ರ ಏಪ್ರಿಲಿನಲ್ಲಿ ಶಾಸಕ ಕೆ.ಆರ್. ಮೊಳಕೇರಿ 19 ಶಾಸಕರು ಬೆಂಬಲ ಹಿಂಪಡೆದ ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರಿಗೆ ಕೊಟ್ಟರು. ಕೆಲವೇ ದಿನಗಳಲ್ಲಿ ಅವರಲ್ಲಿ 7 ಮಂದಿ, ನಮ್ಮ ಸಹಿ ತಪ್ಪು ಹೇಳಿ ಪಡೆದದ್ದು ಎಂದು ಪತ್ರ ಬರೆದರು. ಬೊಮ್ಮಾಯಿ, ಸದನ ಕರೆಯಿರಿ, ಬಹುಮತ ಅಲ್ಲೇ ತೋರಿಸುತ್ತೇನೆ ಎಂದರು. ಆ ಸದನದ ಸಭಾಧ್ಯಕ್ಷ ಪೀಠದಲ್ಲಿದ್ದವರು ಹಿರೇಕೆರೂರಿನ ಬಿ.ಜಿ. ಬಣಕಾರ. ಅಂದರೆ ಸವಣೂರು–ಶಿಗ್ಗಾವಿ ಸೀಮೆಯ ಮುಖ್ಯಮಂತ್ರಿ, ಹಿರೇಕೆರೂರಿನ ಸಭಾಧ್ಯಕ್ಷರ ಮುಂದೆ ತಲೆ ಎಣಿಸಿ ತೋರಿಸಬೇಕಿತ್ತು. ಅಧಿವೇಶನ ಏಪ್ರಿಲ್ 27ಕ್ಕೆ ನಿಗದಿಯಾಗಿತ್ತು. ಆ ದಿನ ಬರಲೇ ಇಲ್ಲ. 21ರಂದೇ ರಾಷ್ಟ್ರಪತಿ ಆಡಳಿತ.

ಹೈಕೋರ್ಟಿನಲ್ಲಿ ಸೋತು ಬೊಮ್ಮಾಯಿ ಸುಪ್ರೀಂ ಕೋರ್ಟಿಗೆ ಹೋದರು. 9 ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು, ಬಹುಮತ ನೋಡಬೇಕಾದ್ದು ರಾಜಭವನದಲ್ಲಲ್ಲ, ಸದನದಲ್ಲಿ ಎಂದಿತು. ಕರ್ನಾಟಕ ಸರ್ಕಾರದ ವಜಾ ಅಸಾಂವಿಧಾನಿಕ ಎಂದಿತು. ಅಷ್ಟರಲ್ಲಿ ರಾಜ್ಯದಲ್ಲಿ ಚುನಾವಣೆ ಮುಗಿದು ಬೇರೆ ಸರ್ಕಾರ ಬಂದು ನಾಲ್ಕು ವರ್ಷ ದಾಟಿತ್ತು. ಬೊಮ್ಮಾಯಿಯವರಿಗೆ ಸಿಕ್ಕಿದ್ದು ತೀರ್ಪಿಗೆ ತಮ್ಮ ಹೆಸರು ಮಾತ್ರ. ಆದರೆ ಆಮೇಲೆ ಯಾವ ರಾಜ್ಯದಲ್ಲಿ ಸರ್ಕಾರ ಅಲ್ಲಾಡಿದರೂ ಮೊದಲು ಓದುವುದು ಆ ತೀರ್ಪನ್ನೇ. ದಿಲ್ಲಿಯ ಕೈ ಕಟ್ಟಿಹಾಕಿದ ತೀರ್ಪು ಅದು. ಅಧಿಕಾರಕ್ಕೆ ಮಿತಿ ಇರಬೇಕು ಎನ್ನುವವರು ಕಾರಡಗಿಗೆ ಒಮ್ಮೆಯಾದರೂ ಹೋಗಿ ಬರಬೇಕು ಎಂದು ನಾನು ತಮಾಷೆ ಮಾಡುವುದುಂಟು.

ತಮಾಷೆ ಅಲ್ಲದ್ದು ಮುಂದಿನದು. ಅವರ ಮಗ ಬಸವರಾಜ ಬೊಮ್ಮಾಯಿ 2008ರಿಂದ ಶಿಗ್ಗಾವಿಯ ಶಾಸಕರು, 2021ರಲ್ಲಿ ಮುಖ್ಯಮಂತ್ರಿ. ಅವರ ಕಾಲದಲ್ಲಿ, 2022ರಲ್ಲಿ, ಜಾರಿಗೆ ಬಂದ ಕಾಯ್ದೆಯ ಹೆಸರು ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ. ಅದರ ಪ್ರಕಾರ ಧರ್ಮ ಬದಲಿಸಬೇಕೆನ್ನುವವನು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬೇಕು. ಅದನ್ನು ನೋಟಿಸ್ ಬೋರ್ಡಿಗೆ ಹಚ್ಚಿ ಆಕ್ಷೇಪಣೆ ಕರೆಯುತ್ತಾರೆ. ದೇವರ ಜೊತೆಗಿನ ಲೆಕ್ಕಾಚಾರಕ್ಕೂ ಒಂದು ಫಾರ್ಮು, ಒಂದು ಕಡತ. ಬಲವಂತದ ಮತಾಂತರಕ್ಕೆ ಶಿಕ್ಷೆ ಬೇಕು ಎನ್ನುವುದರಲ್ಲಿ ನನ್ನ ತಕರಾರಿಲ್ಲ. ಮನಸ್ಸು ಬದಲಾದದ್ದನ್ನು ಸರ್ಕಾರಕ್ಕೆ ಮೊದಲೇ ತಿಳಿಸಬೇಕು ಎನ್ನುವುದರಲ್ಲಿ ಇದೆ. 2023ರ ಜೂನಿನಲ್ಲಿ ಹೊಸ ಸರ್ಕಾರದ ಸಚಿವ ಸಂಪುಟ ಈ ಕಾಯ್ದೆ ಹಿಂಪಡೆಯುವ ತೀರ್ಮಾನ ಮಾಡಿತು. ಗಮನಿಸಿ, ನಾನು ಬರೆದದ್ದು 'ತೀರ್ಮಾನ'.

ಶಾಸಕರ ಸ್ವಾತಂತ್ರ್ಯದ ವಿಷಯಕ್ಕೆ ಹಿರೇಕೆರೂರು ಒಳ್ಳೆಯ ಪಾಠಶಾಲೆ. 2013ರಲ್ಲಿ ಯು.ಬಿ. ಬಣಕಾರ ಕೆಜೆಪಿಯಿಂದ ಬಿ.ಸಿ. ಪಾಟೀಲರನ್ನು ಸೋಲಿಸಿದರು. 2018ರಲ್ಲಿ ಪಾಟೀಲರು ಕಾಂಗ್ರೆಸ್ಸಿನಿಂದ ಗೆದ್ದರು. 2019ರ ಜುಲೈನಲ್ಲಿ ಅನರ್ಹರಾದ 17 ಶಾಸಕರಲ್ಲಿ ಅವರೂ ಒಬ್ಬರು. ಅನರ್ಹತೆ ಸರಿ, ಆದರೆ ಚುನಾವಣೆಗೆ ನಿಲ್ಲಬಹುದು ಎಂದು ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಹೇಳಿತು, ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದು ಮಂತ್ರಿಯೂ ಆದರು. 2023ರಲ್ಲಿ ಬಣಕಾರರು ಕಾಂಗ್ರೆಸ್ಸಿನಿಂದ ನಿಂತು ಅವರನ್ನು ಸೋಲಿಸಿದರು. ಅಭ್ಯರ್ಥಿಗಳು ಅವರೇ, ಬಾವುಟ ಮಾತ್ರ ಅದಲುಬದಲು. ಮತದಾರರನ್ನು ಇದಕ್ಕಾಗಿ ಬೈಯುವವರುಂಟು. ನನಗನ್ನಿಸುವುದು, ಬಾವುಟಕ್ಕೆ ತೂಕವಿಲ್ಲ ಎಂದು ಮೊದಲು ಅರ್ಥ ಮಾಡಿಕೊಂಡವರು ಮತದಾರರೇ. ಅವರು ನೋಡುವುದು ತಮ್ಮ ಕಡತ ಯಾರ ಟೇಬಲ್ಲಿನ ಮೇಲೆ ಸರಿಯುತ್ತದೆ ಎಂದು.

ಚುನಾವಣೆ ಬಂದಾಗ ನಮ್ಮ ಕಡೆ ಸಾಮಾನ್ಯನ ಸ್ವಾತಂತ್ರ್ಯಕ್ಕೆ ಬೀಳುವ ಕತ್ತರಿಯ ಬಗ್ಗೆಯೂ ನಾಲ್ಕು ಮಾತು ಹೇಳಬೇಕು. 2023ರಲ್ಲಿ ಮಾರ್ಚ್ 29ಕ್ಕೆ ನೀತಿಸಂಹಿತೆ ಬಂತು, 2024ರಲ್ಲಿ ಮಾರ್ಚ್ 16ಕ್ಕೆ. ಎರಡೂ ಸಲ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಸುಗ್ಗಿ. ಮಾಲು ಮಾರಿ ರೊಕ್ಕ ಕಟ್ಟಿಕೊಂಡು ಊರಿಗೆ ಬರುವವನಿಗೆ ಚೆಕ್‌ಪೋಸ್ಟು. 50 ಸಾವಿರಕ್ಕಿಂತ ಹೆಚ್ಚಿದ್ದರೆ ಕಾಗದ ತೋರಿಸು. ಆಯೋಗದ ಸೂಚನೆಯನ್ನು ತೆರೆದು ಓದಿದರೆ ಅಲ್ಲಿರುವ ಮಾತು ಬೇರೆ: ಅಭ್ಯರ್ಥಿ, ಅವನ ಏಜೆಂಟ್ ಅಥವಾ ಪಕ್ಷದ ಕಾರ್ಯಕರ್ತ ಇರುವ ವಾಹನದಲ್ಲಿ 50 ಸಾವಿರ ಮೀರಿದ ನಗದು ಸಿಕ್ಕರೆ ಜಪ್ತಿ. ರಸ್ತೆಯ ಮೇಲೆ ನಿಂತ ತಂಡಕ್ಕೆ ಎಲ್ಲರೂ ಕಾರ್ಯಕರ್ತರೇ. ಜಪ್ತಿಯಾದ ಹಣ ಚುನಾವಣೆಗೆ ಸಂಬಂಧಿಸಿದ್ದಲ್ಲ ಎಂದಾದರೆ ಬಿಡಿಸಿಕೊಡಲು ಜಿಲ್ಲಾ ಮಟ್ಟದ ಸಮಿತಿ ಇದೆ. ಅಲ್ಲಿಗೆ ಅಲೆಯಬೇಕಾದವನು ಮಾತ್ರ ರೈತ. ಹಂಚುವವರ ಹಣ ಯಾವ ದಾರಿಯಿಂದ ಬರುತ್ತದೆ ಎಂಬುದು ಊರಿಗೆಲ್ಲ ಗೊತ್ತು, ಅದು ಮೆಣಸಿನಕಾಯಿ ಚೀಲದ ಪಕ್ಕದಲ್ಲಿ ಕೂತು ಬರುವುದಿಲ್ಲ. ಹಾನಗಲ್ಲ ತಾಲ್ಲೂಕಿನ ಕಾಡಂಚಿನಲ್ಲಿ ಬೆಳೆ ಕಾಯಲು ಲೈಸೆನ್ಸ್ ಬಂದೂಕು ಇಟ್ಟುಕೊಂಡವರದೂ ಇದೇ ಗೋಳು. ಯಾರಿಂದ ಅಪಾಯ ಎಂದು ಒಬ್ಬೊಬ್ಬರದನ್ನೂ ನೋಡಿ ನಿರ್ಧರಿಸಬೇಕೆಂಬುದು ನಿಯಮ, ಎಲ್ಲರೂ ಠಾಣೆಗೆ ತಂದಿಡಿ ಎಂಬುದು ರೂಢಿ. ಹಂದಿಗೆ ನೀತಿಸಂಹಿತೆ ಗೊತ್ತಿಲ್ಲ.

ಆದರೂ ಇವು ಒಂದೂವರೆ ತಿಂಗಳ ಕಿರಿಕಿರಿ. ವರ್ಷಗಟ್ಟಲೆ ಕಾಯುವ ಕಡತದ ಮುಂದೆ ಇವು ಏನೂ ಅಲ್ಲ.

ಸವಣೂರಿಗೆ ಬನ್ನಿ. ನವಾಬರ ಸಂಸ್ಥಾನವಾಗಿದ್ದರಿಂದ 1937ರ, 1946ರ ಮುಂಬಯಿ ಪ್ರಾಂತ ಚುನಾವಣೆಗಳಲ್ಲಿ ಸುತ್ತಲಿನ ಊರಿನವರಿಗೆ ಇದ್ದ ಮತ ಇಲ್ಲಿನವರಿಗಿರಲಿಲ್ಲ. 1948ರಲ್ಲಿ ವಿಲೀನವಾದ ಮೇಲೆ ಮತ ಬಂತು. ಹಾಗೆ ಮತ ಬಂದು 60 ವರ್ಷ ದಾಟಿದ ಮೇಲೆ, 2010ರ ಜುಲೈ 20ರಂದು, ಇದೇ ಊರಿನ ಪುರಸಭೆಯ ಮುಂದೆ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ನಿಂತರು. ದಶಕಗಳಿಂದ ವಾಸವಿದ್ದ ಜಾಗದಿಂದ ಅವರನ್ನು ಎಬ್ಬಿಸಿ ಅಲ್ಲಿ ವಾಣಿಜ್ಯ ಸಂಕೀರ್ಣ ಕಟ್ಟುವ ಯೋಚನೆ ಇತ್ತು. ಅವರ ಕೈಯಲ್ಲಿ ಹಕ್ಕುಪತ್ರ ಇರಲಿಲ್ಲ. ಕೊಡಿ ಎಂದು ಕೇಳಿ ಕೇಳಿ ಸಾಕಾಗಿತ್ತು. ಆಸ್ತಿ ಹಕ್ಕೇ ಎಲ್ಲ ಸ್ವಾತಂತ್ರ್ಯದ ಬೇರು ಎಂದು ಲಿಬರ್ಟೇರಿಯನ್ ವಾದ ಹೇಳುತ್ತದಲ್ಲ, ಅದನ್ನು ನಮ್ಮ ಜಿಲ್ಲೆಯಲ್ಲಿ ಇಷ್ಟು ಸ್ಪಷ್ಟವಾಗಿ ಹೇಳಿದವರು ಬೇರೆ ಯಾರೂ ಇಲ್ಲ. ಅವರು ಪುಸ್ತಕ ಓದಿ ಹೇಳಲಿಲ್ಲ. ಜಾಗದ ಕಾಗದ ಇಲ್ಲದವನ ಮೈಯೂ ಅವನದಲ್ಲ ಎಂದು ಅವರಿಗೆ ಬದುಕು ತಿಳಿಸಿತ್ತು. ರಾಜ್ಯದ ಮಾಧ್ಯಮಗಳೆಲ್ಲ ಸವಣೂರಿಗೆ ಬಂದದ್ದು ಆಗಲೇ.

ಬಗರ್ ಹುಕುಂ ಸಾಗುವಳಿದಾರರದು ಇದರದೇ ಇನ್ನೊಂದು ರೂಪ. ಸರ್ಕಾರಿ ಜಮೀನು ಉಳುತ್ತಿರುವವರು ಸಕ್ರಮ ಮಾಡಿಕೊಡಿ ಎಂದು 1991ರಲ್ಲಿ ಫಾರ್ಮ್ 50 ಕೊಟ್ಟರು. ಆ ದಶಕ ಮುಗಿಯುವಾಗ ಫಾರ್ಮ್ 53 ಕೊಟ್ಟರು. 2018ರಲ್ಲಿ ಫಾರ್ಮ್ 57. ಅಪ್ಪ 50 ತುಂಬಿದ, ಮಗ 57 ತುಂಬಿದ. ಹಂಚುವ ಸಮಿತಿಗೆ ಅಧ್ಯಕ್ಷರು ಕ್ಷೇತ್ರದ ಶಾಸಕರು. ಆಶ್ರಯ ಮನೆ ಹಂಚುವ ಸಮಿತಿಗೂ ಅವರೇ. 1974ರ ಭೂನ್ಯಾಯಮಂಡಳಿಯ ಮೊಮ್ಮಕ್ಕಳು ಇವು. ಅಂದು ಕನಿಷ್ಠ ಅಧಿಕಾರಿಯೊಬ್ಬರು ಅಧ್ಯಕ್ಷರಾಗಿದ್ದರು, ಇಂದು ಮತ ಕೇಳುವವರೇ ಹಕ್ಕು ಹಂಚುವವರು. ಚುನಾವಣೆಯಲ್ಲಿ ಸೀರೆ, ಕುಕ್ಕರು ಹಂಚುತ್ತಾರೆಂದು ನಾವು ವರದಿ ಮಾಡುತ್ತೇವೆ, ಚಿತ್ರ ಹಾಕುತ್ತೇವೆ. ಬಾಕಿ ಇಟ್ಟ ಕಡತದ ಚಿತ್ರ ಯಾರೂ ಹಾಕುವುದಿಲ್ಲ. ಕುಕ್ಕರು ಒಂದು ಮತ ಕೊಳ್ಳುತ್ತದೆ, ಅದೂ ಗ್ಯಾರಂಟಿ ಇಲ್ಲ. ಬಾಕಿ ಕಡತ ಮನೆಯ ಅಷ್ಟೂ ಮತವನ್ನು, ಮೂರು ನಾಲ್ಕು ಚುನಾವಣೆಯವರೆಗೆ ಕಟ್ಟಿಹಾಕುತ್ತದೆ. ಇದಕ್ಕೆ ಪಕ್ಷಭೇದವಿಲ್ಲ. ಈ ನಾಲ್ಕು ತಾಲ್ಲೂಕುಗಳಲ್ಲಿ ಗೆದ್ದ ಎಲ್ಲ ಪಕ್ಷದವರೂ ಆ ಕುರ್ಚಿಯಲ್ಲಿ ಕೂತಿದ್ದಾರೆ, ಅದನ್ನು ಬೇಡ ಎಂದವರನ್ನು ನಾನು ಕಾಣೆ.

ಕೃಷಿಕರಲ್ಲದವರು ಹೊಲ ಕೊಳ್ಳುವುದನ್ನು ತಡೆಯುತ್ತಿದ್ದ 1974ರ ನಿಯಮಗಳನ್ನು 2020ರಲ್ಲಿ ಸರ್ಕಾರ ತೆಗೆದುಹಾಕಿತು. ರೈತನಿಗೆ ಮಾರುವ ಸ್ವಾತಂತ್ರ್ಯ ಬಂತು ಎಂದು ಅದನ್ನು ಸಮರ್ಥಿಸಿದರು, ರೈತ ಸಂಘಗಳು ಬೀದಿಗಿಳಿದವು. ತತ್ವದ ಮಟ್ಟಿಗೆ ನಾನು ಮಾರುವ ಸ್ವಾತಂತ್ರ್ಯದ ಪರ. ಆದರೆ ಉತಾರದಲ್ಲಿ ಹೆಸರಿದ್ದವನಿಗೆ ಸಿಕ್ಕ ಸ್ವಾತಂತ್ರ್ಯ ಅದು. ಫಾರ್ಮ್ 57 ತುಂಬಿ ಕಾದವನಿಗೆ ಮಾರಲು ಏನಿದೆ?

2024ರ ಜೂನಿನಲ್ಲಿ ಬಸವರಾಜ ಬೊಮ್ಮಾಯಿ ಹಾವೇರಿ ಸಂಸದರಾಗಿ ಶಾಸಕ ಸ್ಥಾನ ಬಿಟ್ಟರು. ಶಿಗ್ಗಾವಿ–ಸವಣೂರಿಗೆ ಐದು ತಿಂಗಳು ಶಾಸಕರಿರಲಿಲ್ಲ. ಅಕ್ಟೋಬರಿನಲ್ಲಿ ನೀತಿಸಂಹಿತೆ ಬಂತು, ಮಂತ್ರಿಗಳ ಕಾರುಗಳು ಬಂದವು, ನವೆಂಬರ್ 13ಕ್ಕೆ ಮತದಾನವಾಯಿತು. 23ರಂದು ಎಣಿಕೆಯಾಗಿ ಬೊಮ್ಮಾಯಿಯವರ ಮಗ ಭರತ್ ಸೋತರು, ಕಾಂಗ್ರೆಸ್ಸಿನ ಯಾಸೀರ್ ಅಹ್ಮದ್ ಖಾನ್ ಪಠಾಣ್ ಗೆದ್ದರು. ಮೊಮ್ಮಗನ ಸೋಲಿಗೆ ಟಿವಿಯವರು ಜಾತಿ ಲೆಕ್ಕ, ಧರ್ಮದ ಲೆಕ್ಕ, ಗ್ಯಾರಂಟಿ ಲೆಕ್ಕ ಎಲ್ಲ ಹಾಕಿದರು. ತಹಶೀಲ್ದಾರ ಕಚೇರಿಯ ಕಪಾಟಿನಲ್ಲಿ ಬಗರ್ ಹುಕುಂ ಅರ್ಜಿಗಳ ಗಂಟು ಇನ್ನೂ ಹಾಗೇ ಇತ್ತು. ಸಮಿತಿಯ ಅಧ್ಯಕ್ಷರ ಕುರ್ಚಿಗೆ ಹೊಸ ಶಾಸಕರು ಬರಬೇಕಿತ್ತು.